ಅಡುಗೆಮನೆಯನ್ನು ಕೊನೆಗೆ ಬಿಚ್ಚಿದೆ

ಯಜಮಾನರಿಗೆ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸ ಖಚಿತವಾದಾಗ ನಾವು ಮೈಸೂರಿನ ಕುವೆಂಪುನಗರದ ಬಾಡಿಗೆ ಮನೆಯಲ್ಲಿ ಒಂಬತ್ತು ವರ್ಷ ಸಂಸಾರ ಮಾಡಿದ್ದೆವು. ಮಗಳಿಗೆ ಏಳು ವರ್ಷ, ಕೈಯಲ್ಲಿದ್ದದ್ದು ಮೂರು ತಿಂಗಳು. ಮೊದಲ ವಾರವೇ ನಾನು ಅಟ್ಟ ಇಳಿಸಿ, ಅಡುಗೆಮನೆಯ ಪಾತ್ರೆಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗಳಿಗೆ ತುಂಬಿಬಿಟ್ಟೆ. ಎಲ್ಲಕ್ಕಿಂತ ದೊಡ್ಡ ಕೆಲಸ ಅದೇ, ಮೊದಲು ಮುಗಿಯಲಿ ಎಂದುಕೊಂಡಿದ್ದೆ. ಹತ್ತು ದಿನ ಹೊರಗಿನ ಊಟ ತಂದು ತಿಂದೆವು. ಮಗಳ ಹೊಟ್ಟೆ ಕೆಟ್ಟಿತು. ಸಣ್ಣ ಮಾತಿಗೂ ಮೂವರೂ ಸಿಡುಕತೊಡಗಿದೆವು. ಒಂದು ರಾತ್ರಿ ಮಗಳು, "ಅಮ್ಮ, ನಾವು ಆಗಲೇ ಹೊರಟುಹೋಗಿದ್ದೇವಾ?" ಎಂದು ಕೇಳಿದಳು. ಮರುದಿನ ಬೆಳಿಗ್ಗೆ ಪೆಟ್ಟಿಗೆಗಳನ್ನು ಬಿಚ್ಚಿ, ಪಾತ್ರೆಗಳನ್ನು ಮತ್ತೆ ಗೂಡಿನಲ್ಲಿ ಜೋಡಿಸಿ ದೋಸೆಗೆ ನೆನೆಹಾಕಿದೆ. ಹೊರಡುವ ದಿನದವರೆಗೂ ಬೆಳಗಿನ ತಿಂಡಿ ನಮ್ಮ ಒಲೆಯ ಮೇಲೆಯೇ ಆಗಬೇಕೆಂದು ಅಂದೇ ನಿಶ್ಚಯಿಸಿದೆ. ಉಳಿದ ಕೆಲಸಗಳೆಲ್ಲ ಅದಕ್ಕೆ ಹೊಂದಿಕೊಂಡು ನಡೆದವು.

ಕಾಗದಪತ್ರಗಳಿಗೆ ವಾರದಲ್ಲಿ ಎರಡು ದಿನ ಮೀಸಲಿಟ್ಟೆ, ಮಂಗಳವಾರ ಮತ್ತು ಶುಕ್ರವಾರ. ಬೇರೆ ದಿನ ಆ ಫೈಲನ್ನು ಮುಟ್ಟುತ್ತಿರಲಿಲ್ಲ. ಅಲ್ಲಿನ ನಗರಾಡಳಿತದಲ್ಲಿ ಹೆಸರು ದಾಖಲಿಸಲು ಮದುವೆಯ ಮತ್ತು ಜನನದ ಪ್ರಮಾಣಪತ್ರಗಳು ಅಪೊಸ್ಟಿಲ್ ಮುದ್ರೆಯೊಂದಿಗೆ, ಅಂದರೆ ದಾಖಲೆ ಅಸಲಿಯೆಂದು ಹೊರದೇಶದವರೂ ಒಪ್ಪುವ ಸರ್ಕಾರಿ ಮುದ್ರೆಯೊಂದಿಗೆ ಬೇಕಿದ್ದವು. ನಮ್ಮ ಮದುವೆ 2012ರಲ್ಲಿ ಹಾಸನದಲ್ಲಿ ಆಗಿತ್ತು, ನೋಂದಣಿ ಮಾಡಿಸಿರಲೇ ಇಲ್ಲ. ಉಪನೋಂದಣಿ ಕಚೇರಿಗೆ ಲಗ್ನಪತ್ರಿಕೆ, ಮದುವೆಯ ಫೋಟೋ, ಮೂವರು ಸಾಕ್ಷಿಗಳು ಬೇಕೆಂದು ತಿಳಿದಾಗ ಎದೆ ಧಸಕ್ಕೆಂದಿತು. ಲಗ್ನಪತ್ರಿಕೆ ಅಮ್ಮನ ಟ್ರಂಕಿನಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ ಸಿಕ್ಕಿತು. ಮೂಲೆಗೆ ಹಚ್ಚಿದ್ದ ಅರಿಶಿನ ಇನ್ನೂ ಮಾಸಿರಲಿಲ್ಲ.

ಅಪೊಸ್ಟಿಲ್ ಒಪ್ಪಂದ ಭಾರತಕ್ಕೆ 2005ರಿಂದ ಅನ್ವಯಿಸುತ್ತದೆ. ಇಂಥ ವೈಯಕ್ತಿಕ ದಾಖಲೆಗಳಿಗೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. ಮಗಳ ಜನನ ಪ್ರಮಾಣಪತ್ರ ಹಾಳಾಗದಿರಲೆಂದು ನಾನು ಹಿಂದೆಯೇ ಲ್ಯಾಮಿನೇಟ್ ಮಾಡಿಸಿದ್ದೆ. ಪ್ಲಾಸ್ಟಿಕ್ಕಿನ ಮೇಲೆ ಮುದ್ರೆ ಹಾಕಲಾಗದೆ ಅದು ವಾಪಸು ಬಂತು. ಹೊಸ ಪ್ರತಿ ತೆಗೆಸಿ ಮತ್ತೆ ಕಳುಹಿಸುವಷ್ಟರಲ್ಲಿ ಎರಡು ವಾರ ಕಳೆದವು. ದಯವಿಟ್ಟು ಯಾವ ಪ್ರಮಾಣಪತ್ರವನ್ನೂ ಲ್ಯಾಮಿನೇಟ್ ಮಾಡಿಸಬೇಡಿ.

ಬ್ಯಾಂಕಿನ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಿಸಲು ಅರ್ಜಿ ಕೊಟ್ಟೆವು. ಊರಿನ ನಿವೇಶನದ ವ್ಯವಹಾರಕ್ಕೆ ತಮ್ಮನ ಹೆಸರಿಗೆ ಜಿಪಿಎ, ಅಂದರೆ ನಮ್ಮ ಪರವಾಗಿ ಸಹಿ ಹಾಕುವ ಅಧಿಕಾರಪತ್ರ ಮಾಡಿಸಿದೆವು. ಅಲ್ಲಿಗೆ ಹೋದ ಮೇಲೆ ಮಾಡಿಸುವುದಾದರೆ ಹೇಗ್‌ನಲ್ಲಿರುವ ರಾಯಭಾರ ಕಚೇರಿಗೆ ಅಲೆಯಬೇಕಾಗುತ್ತಿತ್ತು. ಹಲ್ಲಿನ ಕೆಲಸವನ್ನೂ ಇಲ್ಲಿಯೇ ಮುಗಿಸಿಕೊಂಡೆವು. ಅಲ್ಲಿನ ಮೂಲ ಆರೋಗ್ಯ ವಿಮೆಯಲ್ಲಿ ಹದಿನೆಂಟು ದಾಟಿದವರ ಸಾಮಾನ್ಯ ಹಲ್ಲಿನ ಚಿಕಿತ್ಸೆ ಸೇರಿಲ್ಲ.

ಎರಡನೆಯ ತಿಂಗಳು ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿ, ಯಾವ ಡಬ್ಬಿಯಲ್ಲಿ ಏನು ಎಷ್ಟಿದೆ ಎಂದು ಬರೆದೆ. ತರಕಾರಿ ಮತ್ತು ಹಾಲು ಬಿಟ್ಟು ಬೇರೇನನ್ನೂ ಕೊಳ್ಳುವಂತಿರಲಿಲ್ಲ. ಅಡುಗೆ ಏನೆಂದು ಡಬ್ಬಿಗಳೇ ಹೇಳುತ್ತಿದ್ದವು. ಹೆಸರುಕಾಳು ಒಂದೂವರೆ ಕಿಲೋ ಇತ್ತು, ಹಾಗಾಗಿ ಒಂದು ವಾರ ಉಸಲಿ, ಪೆಸರಟ್ಟು, ಮೊಳಕೆಯ ಹುಳಿ. ಹಾಳೆಯಲ್ಲಿ ಗೀಟು ಎಳೆಯುವ ಕೆಲಸ ಮಗಳದು. ಮನೆ ಖಾಲಿಯಾಗುವುದನ್ನು ಅವಳು ಹೆದರದೆ ನೋಡಿದ್ದು ಆ ಹಾಳೆಯ ಮೂಲಕ. ಬರಿದಾದ ಡಬ್ಬಿಗಳನ್ನು ಅಕ್ಕಪಕ್ಕದವರಿಗೆ ಕೊಟ್ಟೆ. ಬರಿ ಡಬ್ಬಿ ಕೊಡಬಾರದೆಂದು ಒಂದೊಂದರಲ್ಲೂ ಒಂದು ಹಿಡಿ ಸಕ್ಕರೆ ಹಾಕಿದ್ದೆ.

ಏನನ್ನು ಒಯ್ಯಬೇಕೆಂದು ತೀರ್ಮಾನಿಸುವ ಮೊದಲು, ಅಲ್ಲಿನ ಮನೆ ಮಾಲೀಕರಿಂದ ಅಡುಗೆಮನೆಯ ಫೋಟೋ ತರಿಸಿಕೊಂಡೆವು. ನಾವು ಮಾಡಿದ್ದರಲ್ಲಿ ಅತ್ಯಂತ ಬುದ್ಧಿವಂತಿಕೆಯ ಕೆಲಸ ಅದು. ಅಲ್ಲಿ 'ಕಾಲ್' (ಡಚ್ ಭಾಷೆಯಲ್ಲಿ ಬೋಳು) ಎಂದು ಬಾಡಿಗೆಗೆ ಕೊಡುವ ಮನೆಗಳಲ್ಲಿ ನೆಲಹಾಸು ಕೂಡ ಇರುವುದಿಲ್ಲ. ನಮ್ಮದು ಹಾಗಿರಲಿಲ್ಲ, ಆದರೆ ಒಲೆ ಇಂಡಕ್ಷನ್ ಎಂದು ಫೋಟೋದಲ್ಲಿ ಗೊತ್ತಾಯಿತು. ನನ್ನ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯಾಗುವುದಿಲ್ಲ. ಅದನ್ನು ನಾದಿನಿಗೆ ಕೊಟ್ಟು, ಇಂಡಕ್ಷನ್ನಿಗೆ ಹೊಂದುವ ಮೂರು ಲೀಟರಿನ ಸ್ಟೀಲ್ ಕುಕ್ಕರ್ ಕೊಂಡೆ. ಮಿಕ್ಸಿಯನ್ನು ಮಾತ್ರ ಧೈರ್ಯವಾಗಿ ಕಟ್ಟಿದೆ. ಇಲ್ಲಿನಂತೆ ಅಲ್ಲಿಯೂ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್. ಬದಲಾಗುವುದು ಪ್ಲಗ್ಗಿನ ಆಕಾರವೊಂದೇ. ಅಮೆರಿಕಕ್ಕೆ ಹೋಗುವವರು ಹೀಗೆ ಮಾಡುವಂತಿಲ್ಲ, ಅಲ್ಲಿ 120 ವೋಲ್ಟ್.

ಏಪ್ರಿಲ್ ಬಿಸಿಲಿಗೆ ಅಮ್ಮ ಹಾಸನದಿಂದ ಬಂದರು. ತಾರಸಿಯ ಮೇಲೆ ಬ್ಯಾಡಗಿ ಮೆಣಸಿನಕಾಯಿ ಹರಡಿ, ಕೊತ್ತಂಬರಿ ಬೀಜ ಹುರಿದು, ಹುಳಿಪುಡಿ, ಸಾರಿನಪುಡಿ ಮಾಡಿಸಿದರು. ಚಟ್ನಿಪುಡಿಗೆ ಕೊಬ್ಬರಿ ಹಾಕಲಿಲ್ಲ. ಒಣಕೊಬ್ಬರಿಯ ಎಣ್ಣೆಯಂಶಕ್ಕೆ ಬೆಂಕಿ ಬೇಗ ಹತ್ತುತ್ತದೆಂದು ವಿಮಾನದಲ್ಲಿ ಅದನ್ನು ಒಯ್ಯಲು ಬಿಡುವುದಿಲ್ಲ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾದ್ದರಿಂದ ಎಲೆಗಳನ್ನು ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿಕೊಂಡೆವು.

ಕಷ್ಟವಾದದ್ದು ತುಪ್ಪದ ವಿಷಯ. ಅಮ್ಮ ತಿಂಗಳುಗಟ್ಟಲೆ ಬೆಣ್ಣೆ ಕೂಡಿಟ್ಟು, ವೀಳ್ಯದೆಲೆ ಹಾಕಿ ಕಾಯಿಸಿದ ಎರಡು ಕಿಲೋ ತುಪ್ಪ ತಂದಿದ್ದರು. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಚೀಲದಲ್ಲಿ ಒಯ್ಯುವಂತಿಲ್ಲ. ಅದನ್ನು ಅವರಿಗೆ ಹೇಳಲು ನನಗೆ ಮೂರು ದಿನ ಬೇಕಾಯಿತು. ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇಲ್ಲೇ ತಿಂದು ಹೋಗಿ" ಎಂದರು. ಅಂದಿನಿಂದ ಪ್ರತಿ ದಿನವೂ ತುಪ್ಪದ ಅಡುಗೆ. ಬಿಸಿಬೇಳೆಬಾತ್, ಹೋಳಿಗೆ, ಪೊಂಗಲ್; ಬರಿ ಅನ್ನ ಸಾರಿನ ದಿನವೂ ತಟ್ಟೆಗೆ ಒಂದು ದೊಡ್ಡ ಚಮಚ. ಮಜ್ಜಿಗೆಯಲ್ಲಿ ನೆನೆಸಿದ ಬಾಳಕವನ್ನೂ ಅದೇ ಕಾರಣಕ್ಕೆ ಕರಿದು ಇಲ್ಲಿಯೇ ಮುಗಿಸಿದೆವು.

ಟಿಕೆಟ್ಟಿನಂತೆ ತಲೆಗೆ 23 ಕಿಲೋದ ಎರಡು ಚೀಲ. ಐದು ಚೀಲಗಳು ವಾರದ ಮೊದಲೇ ತುಂಬಿದ್ದವು. ಆರನೆಯದನ್ನು ಬಾಗಿಲ ಪಕ್ಕ ಬಾಯಿ ತೆರೆದೇ ಇಟ್ಟಿದ್ದೆ. ಹೊರಡುವ ದಿನ ಬೆಳಿಗ್ಗೆ ಉಳಿದ ರವೆಯಲ್ಲಿ ಉಪ್ಪಿಟ್ಟು ಮಾಡಿದೆ. ಹಾಳೆಯ ಕೊನೆಯ ಸಾಲಿಗೆ ಮಗಳು ಗೀಟೆಳೆದಳು. ಹನ್ನೊಂದು ಗಂಟೆಗೆ ಯಜಮಾನರು ರೆಗ್ಯುಲೇಟರ್ ಕಳಚಿ, ಸಿಲಿಂಡರುಗಳನ್ನು ಆಟೋದಲ್ಲಿಟ್ಟುಕೊಂಡು ಗ್ಯಾಸ್ ಏಜೆನ್ಸಿಗೆ ಒಪ್ಪಿಸಿ ಡೆಪಾಸಿಟ್ ಪಡೆದು ಬಂದರು. ಅಷ್ಟರಲ್ಲಿ ನಾನು ತೊಳೆದ ಕುಕ್ಕರನ್ನು ಒರೆಸಿ, ಅದರೊಳಗೆ ಎರಡು ಪಾವು ಅಕ್ಕಿ, ಅರ್ಧ ಪಾವು ತೊಗರಿಬೇಳೆ, ಹುಣಸೆಹಣ್ಣಿನ ಸಣ್ಣ ಉಂಡೆ, ಸಾರಿನಪುಡಿಯ ಪೊಟ್ಟಣ ಇಟ್ಟು, ಮುಚ್ಚಳ ಹಾಕಿ ಆರನೆಯ ಚೀಲದ ಮೇಲ್ಭಾಗಕ್ಕೆ ಸೇರಿಸಿದೆ. ಮಧ್ಯಾಹ್ನದ ಊಟ ಎದುರು ಮನೆಯವರು ಬಡಿಸಿದರು.

ಐಂಡ್‌ಹೋವನ್ ತಲುಪಿದಾಗ ರಾತ್ರಿ ಒಂಬತ್ತಾಗಿದ್ದರೂ ಆಕಾಶದಲ್ಲಿ ಬೆಳಕಿತ್ತು. ಉಳಿದ ಐದು ಚೀಲಗಳನ್ನು ಹಾಗೆಯೇ ಬಿಟ್ಟು ಆರನೆಯದನ್ನು ತೆರೆದೆ. ಕುಕ್ಕರ್ ಮೊದಲ ಸೀಟಿ ಹಾಕಿದಾಗ ಮಗಳು ಸೋಫಾದ ಮೇಲೆ ಅರ್ಧ ನಿದ್ದೆಯಲ್ಲಿದ್ದವಳು ಎದ್ದು ಬಂದು, ತಟ್ಟೆ ಎಲ್ಲಿದೆ ಎಂದು ಕೇಳಿದಳು.