ಅಮೆರಿಕದ ಹುಡುಗರ ಕ್ಯಾಂಪು: ಮಗನನ್ನು ಒಂದು ಬೇಸಿಗೆಯಾದರೂ ಕಳಿಸಿ

ಊಟ ಮುಗಿದ ಮೇಲೆ ಮಗ ತಟ್ಟೆ ಎತ್ತಿಕೊಂಡು ಹೋದ. ಉಳಿದಿದ್ದನ್ನು ಕಸದ ಬುಟ್ಟಿಗೆ ಹಾಕಿ, ತಟ್ಟೆ ತೊಳೆದಿಟ್ಟ. ಆಮೇಲೆ ಒದ್ದೆ ಬಟ್ಟೆ ತಂದು ಟೇಬಲ್ ಒರೆಸಿದ, ನಮ್ಮ ಜಾಗಗಳನ್ನೂ ಸೇರಿಸಿ. ನಾನು ಏನೂ ಹೇಳಿರಲಿಲ್ಲ. ಆಗ ಅವನಿಗೆ 10 ವರ್ಷ. ನ್ಯೂ ಹ್ಯಾಂಪ್‌ಶೈರಿನ ಒಂದು ಹುಡುಗರ ಕ್ಯಾಂಪಿನಲ್ಲಿ ಎರಡು ವಾರ ಇದ್ದು, ಹಿಂದಿನ ದಿನವಷ್ಟೇ ಮನೆಗೆ ಬಂದಿದ್ದ.

ಕಳಿಸುವ ಮುಂಚೆ ಅತ್ತೆ ಫೋನಿನಲ್ಲಿ ಕೇಳಿದ್ದರು, "ಅಷ್ಟು ದುಡ್ಡು ಕೊಟ್ಟು ಮಗೂನ ಕಾಡಿಗೆ ಕಳಿಸ್ತೀಯೇನೇ? ಇದು ಹಾಸ್ಟೆಲ್ಲಿಗೆ ಹಾಕಿದ ಹಾಗೇ ಅಲ್ವಾ?" ಇಲ್ಲಿಗೆ ಹೊಸದಾಗಿ ಬಂದ ಕನ್ನಡದ ಅಪ್ಪ ಅಮ್ಮಂದಿರೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಕ್ಯಾಂಪ್ ಅಂದರೆ ಎರಡು ಬೇರೆ ಬೇರೆ ವಿಷಯ. ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಬರುವುದು ಡೇ ಕ್ಯಾಂಪ್. ಮೈಸೂರಿನ ರಂಗಾಯಣದ ಚಿಣ್ಣರ ಮೇಳಕ್ಕೆ ಮಕ್ಕಳನ್ನು ಬಿಟ್ಟವರಿಗೆ ಅದು ಹೊಸದಲ್ಲ. ಇನ್ನೊಂದು ಅಲ್ಲೇ ಉಳಿಯುವ ಕ್ಯಾಂಪ್. ಇದಕ್ಕೆ ಸ್ಲೀಪ್‌ಅವೇ ಅಥವಾ ಓವರ್‌ನೈಟ್ ಕ್ಯಾಂಪ್ ಅನ್ನುತ್ತಾರೆ. ಒಂದು ವಾರದಿಂದ ಏಳು ವಾರದವರೆಗೆ ಇರುತ್ತದೆ. ಅದರಲ್ಲೂ ಟ್ರೆಡಿಷನಲ್ ಕ್ಯಾಂಪ್ ಅಂದರೆ ಕೋಡಿಂಗ್, ಗಣಿತ, ಒಂದೇ ಆಟದ ಕೋಚಿಂಗ್ ಇವೆಲ್ಲ ಇಲ್ಲದ್ದು. ಒಂದು ಸರೋವರ, ಸುತ್ತ ಕಾಡು, ಮರದ ಕ್ಯಾಬಿನ್‌ಗಳು, ದೋಣಿ, ಈಜು, ಬಿಲ್ಲುಬಾಣ, ರಾತ್ರಿ ಬೆಂಕಿಯ ಸುತ್ತ ಹಾಡು. ಕೆಲವು ಹಳೆಯ ಕ್ಯಾಂಪುಗಳ ಕ್ಯಾಬಿನ್ನಿನಲ್ಲಿ ಇವತ್ತಿಗೂ ಕರೆಂಟ್ ಇಲ್ಲ.

ಇದು ಶುರುವಾದ ಕಥೆ ನಮಗೆ ಗೊತ್ತಿರಬೇಕು. ಮೊದಲನೆಯದು ಅಂತ ಸಾಮಾನ್ಯವಾಗಿ ಹೇಳುವುದು 1861ರ ಗನರಿ ಕ್ಯಾಂಪನ್ನು. ಕನೆಕ್ಟಿಕಟ್‌ನ ಫ್ರೆಡೆರಿಕ್ ಗನ್ ಅನ್ನೋ ಮೇಷ್ಟ್ರು ತನ್ನ ಶಾಲೆಯ ಹುಡುಗರನ್ನು ಸುಮಾರು 40 ಮೈಲಿ ದೂರದ ಸಮುದ್ರ ತೀರಕ್ಕೆ ಕರೆದುಕೊಂಡು ಹೋಗಿ ಟೆಂಟಿನಲ್ಲಿ ಇರಿಸಿದರು. ಆದರೆ ನನಗೆ ಮುಖ್ಯ ಅನ್ನಿಸುವುದು 1881ರಲ್ಲಿ ಅರ್ನೆಸ್ಟ್ ಬಾಲ್ಚ್ ನ್ಯೂ ಹ್ಯಾಂಪ್‌ಶೈರಿನ ಸ್ಕ್ವಾಮ್ ಸರೋವರದ ದ್ವೀಪದಲ್ಲಿ ಶುರು ಮಾಡಿದ ಕ್ಯಾಂಪ್ ಚೊಕೊರುವಾ. ಶ್ರೀಮಂತರ ಹುಡುಗರು ಬೇಸಿಗೆಯಿಡೀ ಹೋಟೆಲುಗಳಲ್ಲಿ ಸುಮ್ನೆ ಕಾಲ ಕಳೆಯುವುದು ಬಾಲ್ಚ್‌ಗೆ ಸರಿಬರಲಿಲ್ಲ. ಹಾಗಾಗಿ ಅಲ್ಲಿ ಆಳುಗಳೇ ಇರಲಿಲ್ಲ. ಅಡುಗೆ, ಪಾತ್ರೆ, ಬಟ್ಟೆ ಎಲ್ಲವೂ ಹುಡುಗರದ್ದೇ. 1885ರಲ್ಲಿ ಶುರುವಾದ ಕ್ಯಾಂಪ್ ಡಡ್ಲಿ ನ್ಯೂಯಾರ್ಕ್ ರಾಜ್ಯದ ಶಾಂಪ್ಲೇನ್ ಸರೋವರದ ದಡದಲ್ಲಿ ಈಗಲೂ ನಡೆಯುತ್ತಿದೆ. ಪಕ್ಕದವನು ಮೊದಲು, ನಾನು ಆಮೇಲೆ ಅನ್ನೋದು ಅದರ ಧ್ಯೇಯವಾಕ್ಯದ ಅರ್ಥ.

ಅಂದರೆ ಮುದ್ದಿನಿಂದ ಬೆಳೆದ ಹುಡುಗರಿಗೆ ತಮ್ಮ ಕೆಲಸ ತಾವೇ ಮಾಡಲು ಕಲಿಸುವುದಕ್ಕೇ ಈ ಪದ್ಧತಿ ಬೆಳೆದದ್ದು. ನಮ್ಮ ಮನೆಗಳ ಗಂಡುಮಕ್ಕಳನ್ನು ನೆನೆಸಿಕೊಳ್ಳಿ. ಸೋಮವಾರ ಕುಮಾನ್ ಟ್ಯೂಷನ್, ಮಂಗಳವಾರ ಚೆಸ್, ಶನಿವಾರ ಕನ್ನಡ ಶಾಲೆ. ಅವರ ಬ್ಯಾಗು ನಾವೇ ತುಂಬುತ್ತೇವೆ, ತಟ್ಟೆ ನಾವೇ ಎತ್ತುತ್ತೇವೆ. ನಾವು ಚಿಕ್ಕವರಿದ್ದಾಗ ಬೇಸಿಗೆ ರಜೆಗೆ ಅಜ್ಜಿ ಮನೆ ಇತ್ತು. ಹತ್ತು ಹನ್ನೆರಡು ಮಕ್ಕಳು ಒಟ್ಟಿಗೆ ಬಿದ್ದು ಎದ್ದು, ದೊಡ್ಡವರು ಚಿಕ್ಕವರನ್ನು ನೋಡಿಕೊಂಡು, ಜಗಳ ತಾವೇ ಬಗೆಹರಿಸಿಕೊಳ್ಳುತ್ತಿದ್ದರು. ಇಲ್ಲಿ ಹುಟ್ಟಿದ ಮಗನಿಗೆ ಆ ಬೇಸಿಗೆಯನ್ನು ಕೊಡಬಲ್ಲ ಜಾಗ ನನಗೆ ಸಿಕ್ಕಿದ್ದು ಇದೊಂದೇ.

ಹುಡುಗರದ್ದೇ ಕ್ಯಾಂಪ್ ಯಾಕೆ? ಹುಡುಗ ಹುಡುಗಿಯರಿಬ್ಬರೂ ಇರುವ ಒಳ್ಳೆಯ ಕ್ಯಾಂಪುಗಳೂ ಬೇಕಾದಷ್ಟಿವೆ. ಆದರೆ ಹುಡುಗರು ಮಾತ್ರ ಇದ್ದಾಗ ಒಂದು ಬಿಗಿ ಸಡಿಲವಾಗುತ್ತದೆ. ಊಟದ ಮನೆಯಲ್ಲಿ ಟೇಬಲ್ ಬಡಿದು ಹಾಡುತ್ತಾರೆ, ನಾಟಕದಲ್ಲಿ ಅಜ್ಜಿ ಪಾತ್ರ ಹಾಕುತ್ತಾರೆ, ಮನೆ ನೆನಪಾದರೆ ಅಳುತ್ತಾರೆ. ಪಕ್ಕದಲ್ಲಿ ಕೌನ್ಸೆಲರ್, ಅಂದರೆ ಹುಡುಗರನ್ನು ನೋಡಿಕೊಳ್ಳುವ 19-20 ವರ್ಷದ ಯುವಕ ಇರುತ್ತಾನೆ. ಮಲಗುವ ಮುಂಚೆ ಟಾರ್ಚ್ ಬೆಳಕಿನಲ್ಲಿ ಕಥೆ ಓದಿ ಹೇಳುತ್ತಾನೆ. ಗಟ್ಟಿಮುಟ್ಟಾದ ಯುವಕನೊಬ್ಬ ಹೀಗೆ ಮೃದುವಾಗಿ ಇರುವುದನ್ನು 10 ವರ್ಷದ ಹುಡುಗ ದಿನವೂ ನೋಡುತ್ತಾನೆ. ಅಪ್ಪ ಅಮ್ಮ ಹೇಳಿದರೆ ಇಳಿಯದ್ದು ಅಣ್ಣನಂಥವನು ಮಾಡಿ ತೋರಿಸಿದರೆ ಇಳಿಯುತ್ತದೆ.

ದಿನಚರಿ ಮಾತ್ರ ಕಟ್ಟುನಿಟ್ಟು. ಗಂಟೆ ಅಥವಾ ಕಹಳೆಗೆ ಏಳುವುದು, ತಿಂಡಿ, ಕ್ಯಾಬಿನ್ ಗುಡಿಸುವುದು, ಅದರ ತಪಾಸಣೆ. ಯಾವ ದಿನ ಯಾರು ಏನು ಮಾಡಬೇಕು ಅಂತ ಗೋಡೆಯ ಮೇಲೆ ಪಟ್ಟಿ ಇರುತ್ತದೆ. ಮಧ್ಯಾಹ್ನ ಊಟದ ನಂತರ ಒಂದು ಗಂಟೆ ವಿಶ್ರಾಂತಿ, ಕಾಗದ ಬರೆಯುವ ಹೊತ್ತೂ ಅದೇ. ಮೊದಲ ದಿನವೇ ಈಜಿನ ಪರೀಕ್ಷೆ ಮಾಡುತ್ತಾರೆ. ನೀರಿಗೆ ಇಳಿಯುವಾಗ ಪ್ರತಿಯೊಬ್ಬನಿಗೂ ಒಬ್ಬ ಜೊತೆಗಾರ ಇರಲೇಬೇಕು. ಸೀಟಿ ಊದಿದ ಕೂಡಲೇ ಇಬ್ಬರೂ ಕೈ ಹಿಡಿದು ಮೇಲೆತ್ತಬೇಕು.

ಈಗ ವ್ಯವಹಾರದ ಮಾತು. ನೋಂದಣಿ ಹಿಂದಿನ ವರ್ಷದ ಶರತ್ಕಾಲದಲ್ಲೇ ತೆರೆಯುತ್ತದೆ. ಹೆಸರಾದ ಕ್ಯಾಂಪುಗಳು ಏಪ್ರಿಲ್ ತನಕ ಕಾಯುವುದಿಲ್ಲ. ಇಂಡಿಯಾ ಟಿಕೆಟ್ ಬುಕ್ ಮಾಡುವ ಮುಂಚೆ ಕ್ಯಾಂಪಿನ ದಿನಾಂಕ ನೋಡಿಕೊಳ್ಳಿ. ಊರಿನಿಂದ ಬಂದ ಮರುದಿನವೇ ಜೆಟ್‌ಲ್ಯಾಗ್ ಇರುವ ಮಗನನ್ನು ಕಳಿಸಬೇಡಿ. ಮೊದಲ ಸಲಕ್ಕೆ ಎರಡು ವಾರ ಸಾಕು.

ಖರ್ಚು ಜಾಸ್ತಿ, ಅದರಲ್ಲಿ ಸುಳ್ಳಿಲ್ಲ. ಮೇನ್, ವರ್ಮಾಂಟ್ ಕಡೆಯ ಹಳೆಯ ಖಾಸಗಿ ಕ್ಯಾಂಪುಗಳಲ್ಲಿ ಪೂರ್ತಿ ಏಳು ವಾರಕ್ಕೆ 10,000 ಡಾಲರ್ ದಾಟುತ್ತದೆ. ವೈಎಂಸಿಎ ಮತ್ತು ಸ್ಕೌಟ್ ಕ್ಯಾಂಪುಗಳು ಎಷ್ಟೋ ಅಗ್ಗ. ಅನೇಕ ಕಡೆ ಕ್ಯಾಂಪರ್‌ಶಿಪ್ ಅನ್ನೋ ಸಹಾಯಧನ ಇರುತ್ತದೆ. ಕೇಳುವುದಕ್ಕೆ ಸಂಕೋಚ ಬೇಡ, ಇಲ್ಲಿಯವರೂ ಕೇಳುತ್ತಾರೆ. ತೆರಿಗೆ ವಿಷಯದಲ್ಲಿ ನಮ್ಮವರು ಬಹಳ ಜನ ತಪ್ಪುತ್ತಾರೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ 13ರ ಒಳಗಿನ ಮಕ್ಕಳ ಡೇ ಕ್ಯಾಂಪ್ ಖರ್ಚಿಗೆ ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ ಹಣ, ಅಂದರೆ ಮಕ್ಕಳ ಆರೈಕೆಗೆ ಅಂತ ತೆರಿಗೆಗೆ ಮುಂಚೆಯೇ ಸಂಬಳದಿಂದ ಎತ್ತಿಟ್ಟ ಹಣ, ಬಳಸಬಹುದು. ರಾತ್ರಿ ಉಳಿಯುವ ಕ್ಯಾಂಪಿಗೆ ಬರುವುದಿಲ್ಲ.

ಸುರಕ್ಷತೆಯ ಬಗ್ಗೆ ಎಷ್ಟು ಪ್ರಶ್ನೆ ಕೇಳಿದರೂ ಕಡಿಮೆಯೇ. ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್‌ನ ಮಾನ್ಯತೆ ಇದೆಯೇ ನೋಡಿ. ಅದು ಕಡ್ಡಾಯವಲ್ಲ, ಕ್ಯಾಂಪಿನವರು ತಾವಾಗಿ ಪಡೆದುಕೊಳ್ಳುವುದು. ಹಾಗಾಗಿ ಇದ್ದರೆ ಒಳ್ಳೆಯ ಲಕ್ಷಣ. ಆಮೇಲೆ ನಿರ್ದೇಶಕರಿಗೆ ನೇರವಾಗಿ ಫೋನ್ ಮಾಡಿ. ಕೌನ್ಸೆಲರ್‌ಗಳ ಹಿನ್ನೆಲೆ ಹೇಗೆ ಪರಿಶೀಲಿಸುತ್ತೀರಿ? ದೊಡ್ಡವರೊಬ್ಬರು ಮಗುವಿನ ಜೊತೆ ಒಂಟಿಯಾಗಿ ಇರದಂತೆ ಏನು ನಿಯಮ ಇದೆ? ಹುಡುಗರು ಒಬ್ಬನನ್ನು ಪೀಡಿಸಿದರೆ ಏನು ಮಾಡುತ್ತೀರಿ? ತಡವರಿಸಿದರೆ ಬೇರೆ ಕ್ಯಾಂಪ್ ಹುಡುಕಿ. ಮಗನಿಗೂ ಮುಚ್ಚುಮರೆ ಇಲ್ಲದೆ ಹೇಳಿಡಿ: ಯಾರೇ ಮುಟ್ಟಿದ್ದು ಸರಿ ಅನ್ನಿಸದಿದ್ದರೆ ಕೂಡಲೇ ಇನ್ನೊಬ್ಬ ದೊಡ್ಡವರಿಗೆ ಹೇಳು, ಮನೆಗೆ ಫೋನ್ ಮಾಡಬೇಕು ಅಂತ ಕೇಳು.

ಆರೋಗ್ಯದ ಫಾರಂಗೆ ಡಾಕ್ಟರ ಸಹಿ ಬೇಕು, ಲಸಿಕೆಗಳ ಪೂರ್ತಿ ವಿವರ ಬೇಕು. ಊರಿನಲ್ಲಿ ಹಾಕಿಸಿದ ಲಸಿಕೆಯ ಕಾರ್ಡು ಹುಡುಕಿಡಿ. ಜೂನಿನಲ್ಲಿ ಮಕ್ಕಳ ಡಾಕ್ಟರು ಸಿಗುವುದು ಕಷ್ಟ, ಮಾರ್ಚ್‌ನಲ್ಲೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಔಷಧಿಗಳು ಮೂಲ ಡಬ್ಬಿಯಲ್ಲೇ ಇರಬೇಕು ಮತ್ತು ನರ್ಸ್ ಕೈಗೇ ಕೊಡಬೇಕು. ಆಯುರ್ವೇದದ ಪುಡಿ, ಲೇಹ್ಯ ಬ್ಯಾಗಿನಲ್ಲಿ ತುರುಕಬೇಡಿ.

ಊಟದ ವಿಷಯ ನಾನು ಕಷ್ಟಪಟ್ಟು ಕಲಿತದ್ದು. ಫಾರಂನಲ್ಲಿ ವೆಜಿಟೇರಿಯನ್ ಅಂತ ಬರೆದಿದ್ದೆ. ಇಲ್ಲಿ ವೆಜಿಟೇರಿಯನ್ ಅಂದರೆ ಮೊಟ್ಟೆ ಸೇರಿದ್ದು. ಎರಡನೇ ದಿನ ಮಗನ ತಟ್ಟೆಗೆ ಮೊಟ್ಟೆ ಬಂತು. ಮೊಟ್ಟೆ ತಿನ್ನದವರಾದರೆ ಅದನ್ನು ಬಿಡಿಸಿ ಬರೆಯಿರಿ. ಬೆಂಕಿಯಲ್ಲಿ ಸುಟ್ಟು ತಿನ್ನುವ ಮಾರ್ಷ್‌ಮೆಲೋ ಅನ್ನೋ ಮೆತ್ತನೆಯ ಸಿಹಿಯಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ವೀಗನ್ ಮಾರ್ಷ್‌ಮೆಲೋ ಒಂದು ಪ್ಯಾಕೆಟ್ ಕಳಿಸಲೇ ಅಂತ ಕೇಳಿ. ಇಲ್ಲದಿದ್ದರೆ ಎಲ್ಲರೂ ತಿನ್ನುವಾಗ ಅವನೊಬ್ಬ ನೋಡುತ್ತಾ ಕೂರಬೇಕಾಗುತ್ತದೆ. ಉಪನಯನ ಆದ ಹುಡುಗನಾದರೆ ಜನಿವಾರ ಏನು ಅಂತ ಎರಡು ಮಾತಿನಲ್ಲಿ ವಿವರಿಸಲು ಮನೆಯಲ್ಲೇ ಅಭ್ಯಾಸ ಮಾಡಿಸಿ. ಈಜಲು ಶರ್ಟ್ ತೆಗೆದ ಕೂಡಲೇ ಕೇಳುತ್ತಾರೆ. ಕೆಲವು ಕ್ಯಾಂಪುಗಳಲ್ಲಿ ಭಾನುವಾರ ಕ್ರೈಸ್ತ ಪ್ರಾರ್ಥನೆ ಇರುತ್ತದೆ. ಎಷ್ಟರ ಮಟ್ಟಿಗೆ ಅಂತ ಮೊದಲೇ ತಿಳಿದುಕೊಳ್ಳಿ.

ಫೋನ್ ಇರುವುದಿಲ್ಲ. ನಮಗೆ ಇದೇ ದೊಡ್ಡ ಕಷ್ಟ. ಬಹಳ ಕಡೆ ನೀವು ಇಮೇಲ್ ಕಳಿಸಿದರೆ ಪ್ರಿಂಟ್ ತೆಗೆದು ಕೊಡುತ್ತಾರೆ, ಅವನ ಉತ್ತರ ಮಾತ್ರ ಅಂಚೆಯಲ್ಲಿ ಬರಬೇಕು. ಸ್ಟ್ಯಾಂಪ್ ಅಂಟಿಸಿ, ವಿಳಾಸ ಬರೆದ ಕವರುಗಳನ್ನು ಪೆಟ್ಟಿಗೆಯಲ್ಲಿ ಇಡಿ. "ಬೇಜಾರಾದರೆ ಬಂದು ಕರೆದುಕೊಂಡು ಹೋಗ್ತೀನಿ" ಅಂತ ಮಾತ್ರ ಹೇಳಬೇಡಿ. ಆ ಮಾತು ಕೇಳಿದ ಹುಡುಗ ಮೊದಲ ರಾತ್ರಿಯಿಂದಲೇ ಬೇಜಾರನ್ನು ಅಳೆಯುತ್ತಾ ಕೂರುತ್ತಾನೆ.

ನಮಗೆ ಮೊದಲ ಕಾಗದ ಬಂದದ್ದು ಆರನೇ ದಿನ. ಪೆನ್ಸಿಲ್ಲಿನಲ್ಲಿ, ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಮೊಟ್ಟೆ ಕೊಟ್ಟರು, ನಾನೇ ಅಡುಗೆಮನೆಗೆ ಹೋಗಿ ಹೇಳಿದೆ, ಈಗ ನನಗೆ ಓಟ್ಸ್ ಮಾಡುತ್ತಾರೆ, ಸೊಳ್ಳೆ ಬಹಳ ಇದೆ. ಕೊನೆಯಲ್ಲಿ ಸೊಟ್ಟ ಸೊಟ್ಟ ಕನ್ನಡ ಅಕ್ಷರಗಳಲ್ಲಿ "ಊಟ ಆಯ್ತಾ" ಅಂತ ಬರೆದಿದ್ದ. ಶನಿವಾರದ ಕನ್ನಡ ಶಾಲೆಯಲ್ಲಿ ಮೂರು ವರ್ಷ ಬರೆಸಿದರೂ ತಾನಾಗಿ ಒಂದಕ್ಷರ ಬರೆಯದವನು ಅವನು.

ಕರೆತರುವ ದಿನ ಕಾರಿನಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಿ, ಬಟ್ಟೆ ಎಲ್ಲ ಒದ್ದೆ ಇರುತ್ತದೆ, ಹೊಗೆ ವಾಸನೆ ಬೇರೆ. ಮನೆಗೆ ಬಂದ ಕೂಡಲೇ ತಲೆಕೂದಲು, ಕಂಕುಳು, ಮಂಡಿಯ ಹಿಂದೆ ಉಣ್ಣೆ ಹುಳ (ಟಿಕ್) ಕಚ್ಚಿಕೊಂಡಿದೆಯೇ ನೋಡಿ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಈ ಹುಳದಿಂದ ಲೈಮ್ ರೋಗ ಬರುತ್ತದೆ. ದಾರಿಯಲ್ಲಿ ಪ್ರಶ್ನೆ ಕೇಳಿ ಪೀಡಿಸಬೇಡಿ. ಮೊಸರನ್ನ ಡಬ್ಬಿಯಲ್ಲಿ ಇಟ್ಟುಕೊಂಡು ಹೋಗಿ. ತಿಂದು, ಒಂದು ಗಂಟೆ ನಿದ್ದೆ ಮಾಡಿ, ಆಮೇಲೆ ಅವನೇ ಹಾಡಲು ಶುರು ಮಾಡುತ್ತಾನೆ.