ಬಾವಲಿಯ ಬುಟ್ಟಿ, ಮಂಗದ ಬುಟ್ಟಿ

ಅಡಿಕೆ ತೋಟಕ್ಕೆ ಬಾವಲಿಯೂ ಮಂಗವೂ ಒಂದೇ ಸಮನೆ ಕಳ್ಳರು ಎಂದು ನಾನೂ ನಂಬಿದ್ದೆ. ಆ ನಂಬಿಕೆಗೆ ತೆತ್ತ ದಂಡ ಸುಮಾರು 18 ಸಾವಿರ. ರಾತ್ರಿಯಿಡೀ ಉರಿಯುವ ದೀಪ, ಗರ್ನಾಲು ಪಟಾಕಿ, ಜೊತೆಗೆ ಒಂದಷ್ಟು ಬಲೆ. ಬಲೆಯನ್ನು ಬಾವಲಿ ಮುಟ್ಟಲಿಲ್ಲ, ಸೋಗೆ ಬಿದ್ದು ಹರಿಯಿತು.

ಮರುವರ್ಷ ಬೆಳಗ್ಗೆ ಬಿದ್ದದ್ದನ್ನೆಲ್ಲ ಎರಡು ಬುಟ್ಟಿಗೆ ಬೇರ್ಪಡಿಸತೊಡಗಿದೆ. 'ಎಂಜಲು ಎಣಿಸುತ್ತೀರಾ?' ಎಂದು ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರ ನಕ್ಕ. ತಲೆಗೂದಲನ್ನು ಟೋಪಿಯಂತೆ ಹರವಿಕೊಂಡ ನಮ್ಮ ಮಂಗದ ಬುಟ್ಟಿಯಲ್ಲಿ ಇದ್ದದ್ದೆಲ್ಲ ಎಳೆಕಾಯಿ, ಕಚ್ಚಿ ನೀರು ಹೀರಿ ಎಸೆದದ್ದು. ಒಣಗಿಸಿದರೂ ಮೂರು ಕಾಸಿಗಿಲ್ಲ. ಬಾವಲಿಯ ಬುಟ್ಟಿಯಲ್ಲಿ ಹುಡುಕಿದರೂ ಎಳೆಯದು ಸಿಗಲಿಲ್ಲ. ಅದಕ್ಕೆ ಬೇಕಾದದ್ದು ಹಣ್ಣಿನ ಸಿಪ್ಪೆಯ ಸಿಹಿ. ಒಳಗಿನ ಅಡಿಕೆಯನ್ನು ನನಗೇ ಬಿಟ್ಟು ಹೋಗುತ್ತದೆ. ಕೊಯ್ಲಿನ ಕೂಲಿಯೂ ಇಲ್ಲ!

ಆದರೆ ಬಾವಲಿ ಅಡಿಕೆ ಮರದಲ್ಲೇ ಕುಳಿತು ತಿನ್ನುವುದು ಕಡಿಮೆ. ಹಣ್ಣನ್ನು ಕಚ್ಚಿಕೊಂಡು ಹಲಸಿಗೋ ಮಾವಿಗೋ ಹೋಗಿ ತಲೆಕೆಳಗಾಗಿ ನೇತಾಡುತ್ತ ಚೀಪುತ್ತದೆ. ಆ ಮರಗಳ ಕೆಳಗೆ ಹಳೆಯ ನೆರಳು ಬಲೆ ಹಾಸಿದೆ. ಮೊದಲ ವಾರ ಒಂದು ಹಿಡಿಯೂ ಬೀಳಲಿಲ್ಲ, ಬಾವಲಿಗಳು ಪಕ್ಕದವರ ಮಾವಿಗೆ ಬಿಡಾರ ಬದಲಿಸಿದ್ದವು. ಅವುಗಳನ್ನು ಮರಳಿ ಕರೆತಂದ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ. ಆಮೇಲೆ ದಿನಕ್ಕೆ ಅರ್ಧ ಬಕೆಟ್. ಆ ಹಂಗಾಮಿನಲ್ಲಿ ಸುಲಿದ ಗೋಟು, ಅಂದರೆ ಹಣ್ಣಾದ ಮೇಲೆ ಒಣಗಿಸಿದ ಅಡಿಕೆ, 40 ಕಿಲೋದ ಆಸುಪಾಸು, ಕೈಗೆ ಬಂದದ್ದು 12 ಸಾವಿರದ ಹತ್ತಿರ. 2018ರಲ್ಲಿ ಕೇರಳದಲ್ಲಿ ಬಾವಲಿಯಿಂದ ಹರಡುವ ನಿಫಾ ರೋಗ ಕಾಣಿಸಿಕೊಂಡ ಮೇಲೆ ಬಾವಲಿ ಚೀಪಿದ್ದನ್ನು ನಾನು ಬರಿಗೈಯಲ್ಲಿ ಮುಟ್ಟುವುದಿಲ್ಲ. ಕೈಗವಸು ಹಾಕಿ ಹೆಕ್ಕುತ್ತೇನೆ, ಮಕ್ಕಳನ್ನು ಆ ಕಡೆ ಬಿಡುವುದಿಲ್ಲ.

ಮಂಗಕ್ಕೆ ಹುಲಿಗೊಂಬೆಯನ್ನೂ ಇಟ್ಟು ನೋಡಿದೆ. ನಾಯಿಗೆ ಹುಲಿಪಟ್ಟೆ ಬಳಿದವರ ಸುದ್ದಿ ಓದಿ ಬಂದ ಹುರುಪು ಅದು. ನಾಲ್ಕು ದಿನ ಇಪ್ಪತ್ತೈದರ ಹಿಂಡು ದೂರದಿಂದಲೇ ಕಿರುಚಿತು. ಐದನೆಯ ದಿನ ಒಂದು ಮರಿ ಗೊಂಬೆಯ ಬೆನ್ನೇರಿ ಕುಳಿತು ಅದರ ಕಿವಿಯನ್ನು ಕಿತ್ತಿತು. ಜಾಗ ಬದಲಿಸಿ ಇಟ್ಟೆ. ಈ ಬಾರಿ ಎರಡೇ ದಿನ. ಮಂಗ ಕಲಿಯುತ್ತದೆ. ಹಗಲಲ್ಲೇ ಬಂದು, ಮನೆಯವರು ಊಟಕ್ಕೆ ಕೂರುವ ಹೊತ್ತನ್ನೂ ಗುರುತಿಟ್ಟುಕೊಳ್ಳುತ್ತದೆ.

ಹೀಗಾಗಿ ರಾತ್ರಿಯ ದೀಪ, ಗರ್ನಾಲುಗಳ ಖರ್ಚನ್ನು ಪೂರ್ತಿ ನಿಲ್ಲಿಸಿದ್ದೇನೆ. ಎಳೆಕಾಯಿಯ ತಿಂಗಳುಗಳಲ್ಲಿ ಹಗಲು ಕಾಯಲು ಒಬ್ಬ ಆಳಿದ್ದಾನೆ. ಅವನ ಅರ್ಧ ಕೂಲಿಯನ್ನು ಬಾವಲಿಯ ಗೋಟು ತೀರಿಸುತ್ತದೆ, ಉಳಿದರ್ಧ ಇನ್ನೂ ನನ್ನ ಕೈಯಿಂದಲೇ.