ವೇಪೊರೈಸರ್ ತಗೊಳ್ಳೋ ಮುಂಚೆ ಒಂದ್ಸಲ ಬಿಚ್ಚಿ ನೋಡಿ

ವೇಪೊರೈಸರ್ ಅಂದ್ರೆ ಗಾಂಜಾ ಹೂವನ್ನ ಸುಡದೆ, ಬರೀ ಕಾಯಿಸಿ ಆವಿ ಬರಿಸೋ ಮಷೀನು. ಅದನ್ನ ತಗೊಳ್ಳೋಕೆ ಹೋದೋರೆಲ್ಲ ಮೊದಲು ಬಟನ್ ಒತ್ತಿ ಡಿಸ್‌ಪ್ಲೇ ಹೇಗಿದೆ, ಎಷ್ಟು ಬಣ್ಣದ ಲೈಟ್ ಬರುತ್ತೆ, ಫೋನ್‌ಗೆ ಕನೆಕ್ಟ್ ಆಗುತ್ತಾ ಅಂತ ನೋಡ್ತಾರೆ. ನಾನೂ ಹಾಗೇ ಮಾಡಿದ್ದೆ. ಮೂರು ತಿಂಗಳು ಕಳೆಯೋಷ್ಟರಲ್ಲಿ ಒಳಗಡೆ ಆವಿ ಬರೋ ದಾರಿ ಪೂರ್ತಿ ಜಿಗಟು ಕಟ್ಕೊಂಡು, ಎಷ್ಟು ಎಳೆದ್ರೂ ಕೆನ್ನೆ ಒಳಗೆ ಹೋಗೋದು ಬಿಟ್ರೆ ಇನ್ನೇನೂ ಬರ್ತಿರಲಿಲ್ಲ, ಸರಿ ಬಿಚ್ಚಿ ತೊಳೆಯೋಣ ಅಂದ್ರೆ ಮೌತ್‌ಪೀಸ್ ಒಂದು ಬಿಟ್ಟು ಬೇರೆ ಯಾವ್ದೂ ಬಿಚ್ಚೋ ಹಾಗೇ ಮಾಡಿರಲಿಲ್ಲ ಪುಣ್ಯಾತ್ಮರು. ಅವತ್ತಿಂದ ಯಾರು ಕೇಳಿದ್ರೂ ನಾನು ಹೇಳೋದು ಒಂದೇ, ತೊಳೆಯೋಕೆ ಬರದ ಮಷೀನು ಎಷ್ಟೇ ಚೆನ್ನಾಗಿದ್ರೂ ಬೇಡ.

ಮುಂದೆ ಹೋಗೋಕೆ ಮುಂಚೆ ಒಂದು ಮಾತು. ಇದು ಗಾಂಜಾ ಕಾನೂನುಬದ್ಧ ಆಗಿರೋ ಜಾಗದಲ್ಲಿ, ಅಥವಾ ಡಾಕ್ಟರು ಔಷಧಿ ಅಂತ ಬರೆದುಕೊಟ್ಟು, ಈಗಾಗಲೇ ಸುತ್ತಿಕೊಂಡೋ ಚಿಲುಮೆಯಲ್ಲೋ ಸೇದ್ತಿರೋ ವಯಸ್ಕರಿಗೆ ಬರೀತಿರೋದು. ಕೆನಡಾದಲ್ಲಿ 2018ರ ಅಕ್ಟೋಬರ್‌ನಿಂದ, ಜರ್ಮನಿಯಲ್ಲಿ ಒಂದಷ್ಟು ಮಿತಿಯೊಳಗೆ 2024ರ ಏಪ್ರಿಲ್‌ನಿಂದ ವಯಸ್ಕರಿಗೆ ಅವಕಾಶ ಇದೆ, ಎಷ್ಟೋ ದೇಶಗಳಲ್ಲಿ ಒಂದು ಚಿಟಿಕೆ ಸಿಕ್ಕಿದ್ರೂ ಕೇಸು. ಸೇದೋ ಅಭ್ಯಾಸಾನೇ ಇಲ್ದೋರು ಮಷೀನ್ ಚೆನ್ನಾಗಿದೆ ಅಂತ ಹೊಸದಾಗಿ ಹಚ್ಕೊಳ್ಳೋ ಅಗತ್ಯ ಖಂಡಿತ ಇಲ್ಲ.

ಸುಡೋದು ಬೇರೆ, ಕಾಯಿಸೋದು ಬೇರೆ

ಗಾಂಜಾ ಹೂವಿನ ಮೇಲೆ ಸಕ್ಕರೆ ಉದುರಿಸಿದ ಹಾಗೆ ಕಾಣುತ್ತಲ್ಲ, ಆ ಟ್ರೈಕೋಮ್ ಅನ್ನೋ ಪುಟ್ಟ ಅಂಟು ಗ್ರಂಥಿಗಳಲ್ಲೇ ತಲೆಗೇರಿಸೋ ಟಿಎಚ್‌ಸಿ, ತಲೆಗೇರಿಸದ ಸಿಬಿಡಿ, ವಾಸನೆ ಕೊಡೋ ಟರ್ಪೀನ್ ಎಲ್ಲಾ ಇರೋದು. ಇವು ಆವಿ ಆಗೋಕೆ ಸುಮಾರು 160ರಿಂದ 210 ಡಿಗ್ರಿ ಸೆಲ್ಸಿಯಸ್ ಸಾಕು. ನೀವು ಬೆಂಕಿ ಹಚ್ಚಿ ಎಳೆದಾಗ ತುದಿಯ ಕೆಂಡ 600 ಡಿಗ್ರಿ ದಾಟಿರುತ್ತೆ, ಅಷ್ಟು ಬಿಸಿಗೆ ಸೊಪ್ಪೂ ಸುಡುತ್ತೆ, ಕಾಗದಾನೂ ಸುಡುತ್ತೆ, ಟಾರ್ ಬರುತ್ತೆ, ಕಾರ್ಬನ್ ಮೊನಾಕ್ಸೈಡ್ ಬರುತ್ತೆ, ಬೇಕಾಗಿದ್ದ ಟಿಎಚ್‌ಸಿಯಲ್ಲೂ ಒಂದು ಪಾಲು ಬೂದಿ ಜೊತೆ ಹೋಗುತ್ತೆ. ವೇಪೊರೈಸರ್ ಮಾಡೋದಿಷ್ಟೇ, ಸೊಪ್ಪು ಕರಿ ಆಗೋ ಮುಂಚೆ ಬಿಸಿ ನಿಲ್ಲಿಸುತ್ತೆ.

2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡಾ. ಡೊನಾಲ್ಡ್ ಅಬ್ರಾಮ್ಸ್ ತಂಡ 18 ಜನರ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿತ್ತು: ರಕ್ತಕ್ಕೆ ಸೇರಿದ ಟಿಎಚ್‌ಸಿ ಎರಡು ವಿಧಾನದಲ್ಲೂ ಹೆಚ್ಚುಕಮ್ಮಿ ಒಂದೇ, ಆದ್ರೆ ಉಸಿರಲ್ಲಿ ಕಾರ್ಬನ್ ಮೊನಾಕ್ಸೈಡ್ ವೇಪೊರೈಸರ್‌ನಲ್ಲಿ ತುಂಬಾ ಕಮ್ಮಿ. 2018ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಯೂನಿವರ್ಸಿಟಿಯೋರು ಅಪರೂಪಕ್ಕೆ ಸೇದೋ 17 ಜನರನ್ನ ನೋಡಿದ್ರು, ಅಲ್ಲಿ ಅಷ್ಟೇ ಡೋಸಿಗೆ ಸೇದಿದ್ದಕ್ಕಿಂತ ವೇಪ್ ಮಾಡಿದ್ದೇ ಜಾಸ್ತಿ ತಲೆಗೇರಿತು. ಇದನ್ನ ನೆನಪಿಟ್ಕೊಳ್ಳಿ, ಯಾಕಂದ್ರೆ ಹೊಗೆಯಿಂದ ಆವಿಗೆ ಬಂದೋರು ಮೊದಲನೇ ದಿನವೇ ಮಾಡೋ ತಪ್ಪು ಇದು: ಗಂಟಲು ಉರೀಲಿಲ್ಲ, ಕೆಮ್ಮು ಬರಲಿಲ್ಲ, ಏನೂ ಆಗ್ತಿಲ್ಲ ಅಂತ ಮೇಲಿಂದ ಮೇಲೆ ಎಳೆದು, ಕಾಲು ಗಂಟೆ ಆದ್ಮೇಲೆ ಗೋಡೆ ಹಿಡ್ಕೊಂಡು ಕೂತ್ಕೊಳ್ಳೋದು. ಎರಡು ಸಲ ಎಳೆದು ಹತ್ತು ಹದಿನೈದು ನಿಮಿಷ ಸುಮ್ನೆ ಇರಿ.

ಹಾಗಂತ ಆವಿ ಏನು ಗಂಗಾಜಲ ಅಲ್ಲ. ಅದೂ ಶ್ವಾಸಕೋಶಕ್ಕೆ ಹೋಗೋ ಹೊರಗಿನ ವಸ್ತುವೇ, ಗರ್ಭಿಣಿಯರು, ಹದಿಹರೆಯದೋರು, ಹೃದಯದ ತೊಂದರೆ ಇರೋರು, ಮನೆತನದಲ್ಲಿ ಸೈಕೋಸಿಸ್ (ವಾಸ್ತವದ ಅರಿವು ತಪ್ಪೋ ಮಾನಸಿಕ ತೊಂದರೆ) ಇರೋರು ದೂರ ಇರಬೇಕು, ಗಾಡಿ ಓಡಿಸೋ ಮಾತಂತೂ ಇಲ್ವೇ ಇಲ್ಲ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. 2019ರಲ್ಲಿ ಅಮೆರಿಕದಲ್ಲಿ ವೇಪಿಂಗ್‌ನಿಂದ ಶ್ವಾಸಕೋಶ ಹಾಳಾಗಿ 2020ರ ಫೆಬ್ರವರಿ ಹೊತ್ತಿಗೆ 2,807 ಜನ ಆಸ್ಪತ್ರೆ ಸೇರಿದ್ರು ಇಲ್ಲಾ ಸತ್ತಿದ್ರು, ಸತ್ತೋರು 68. ಅದು ಹೆಚ್ಚಾಗಿ ಕಳ್ಳಮಾರ್ಕೆಟ್ಟಿನ ಟಿಎಚ್‌ಸಿ ಎಣ್ಣೆ ಕಾರ್ಟ್ರಿಜ್‌ಗಳ ಕಥೆ, ಎಣ್ಣೆಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಮುಖ್ಯ ಕಾರಣ ಅಂತ ಗೊತ್ತಾಯ್ತು. ನಾನು ಇಲ್ಲಿ ಹೇಳ್ತಿರೋ ಡ್ರೈ ಹರ್ಬ್ ಮಷೀನಿಗೆ ಹಾಕೋದು ಒಣಗಿದ ಹೂವು ಮಾತ್ರ, ಯಾರೋ ಹೇಳಿದ್ರು ಅಂತ ಅದಕ್ಕೆ ಎಣ್ಣೆಗಿಣ್ಣೆ ಸುರಿಯೋಕೆ ಹೋಗ್ಬೇಡಿ.

ಆರಿಸೋದು ಹೇಗೆ

ಮಷೀನ್ ಬಿಸಿ ಮಾಡೋ ರೀತಿ ಎರಡು. ಕಂಡಕ್ಷನ್ ಅಂದ್ರೆ ಕಾದ ಗೋಡೆಗೆ ಸೊಪ್ಪು ತಾಗಿಕೊಂಡಿರುತ್ತೆ, ಕಾವಲಿ ಮೇಲೆ ಹುರಿದ ಹಾಗೆ. ಬೇಗ ಕಾಯುತ್ತೆ, ಮಷೀನೂ ಚಿಕ್ಕದಾಗಿರುತ್ತೆ, ಆದ್ರೆ ಗೋಡೆ ಪಕ್ಕದ್ದು ಕಂದು ಆಗಿ ನಡುವಿನದ್ದು ಹಸಿರಾಗೇ ಉಳಿಯುತ್ತೆ, ಮಧ್ಯದಲ್ಲಿ ಒಂದ್ಸಲ ಕೆದಕಲೇಬೇಕು. ಕನ್ವೆಕ್ಷನ್‌ನಲ್ಲಿ ನೀವು ಎಳೆದಾಗ ಬಿಸಿಗಾಳಿ ಸೊಪ್ಪಿನ ನಡುವೆ ಹಾಯ್ದು ಬರುತ್ತೆ, ರುಚಿ ಚೆನ್ನಾಗಿರುತ್ತೆ, ಎಳೆಯದೇ ಇದ್ದಾಗ ಸೊಪ್ಪು ಅಷ್ಟಾಗಿ ಬೇಯಲ್ಲ, ಬ್ಯಾಟರಿ ಮಾತ್ರ ಜಾಸ್ತಿ ತಿನ್ನುತ್ತೆ. ಎರಡೂ ಸೇರಿಸಿದ ಹೈಬ್ರಿಡ್ ಬೇಕಾದಷ್ಟಿವೆ.

ಮನೇಲೇ ಕೂತು ಉಪಯೋಗಿಸೋರಿಗೆ ಪ್ಲಗ್‌ಗೆ ಹಾಕೋ ಡೆಸ್ಕ್‌ಟಾಪ್ ಒಳ್ಳೇದು. ಜರ್ಮನಿಯ ಟುಟ್ಲಿಂಗನ್‌ನ ಸ್ಟೋರ್ಜ್ ಅಂಡ್ ಬಿಕೆಲ್ ಕಂಪನಿ 2000ರಲ್ಲಿ ತಂದ ವೊಲ್ಕೇನೋ ಇದರಲ್ಲಿ ಹೆಸರುವಾಸಿ, ಆವಿಯನ್ನ ಬಲೂನಿಗೆ ತುಂಬಿಸಿಕೊಡುತ್ತೆ, ಮೇಲೆ ಹೇಳಿದ 2007ರ ಅಧ್ಯಯನದಲ್ಲೂ ಇದೇ ಮಷೀನು. ಬ್ಯಾಟರಿ ರಗಳೆಯೇ ಬೇಡ ಅನ್ನೋರಿಗೆ ಡೈನಾವ್ಯಾಪ್ ಥರದ್ದು, ಚಿಕ್ಕ ಲೋಹದ ಕೊಳವೆ, ಮುಚ್ಚಳಕ್ಕೆ ಟಾರ್ಚ್ ಲೈಟರ್ ಹಿಡಿದ್ರೆ ಸಾಕಷ್ಟು ಕಾದಾಗ ಟಕ್ ಅನ್ನುತ್ತೆ. ಆರಿದಾಗ ಇನ್ನೊಂದ್ಸಲ ಟಕ್ ಅನ್ನುತ್ತೆ, ಆ ಎರಡನೇ ಟಕ್ ಕೇಳಿಸದೆ ಮತ್ತೆ ಬೆಂಕಿ ಹಿಡಿದ್ರೆ ಸೊಪ್ಪು ಸುಟ್ಟೇ ಹೋಗುತ್ತೆ, ತಾಳ್ಮೆ ಇಲ್ದೋರಿಗೆ ಇದು ಆಗ್ಬರಲ್ಲ.

ಕೈಗೆ ತಗೊಂಡ್ರೆ ನೋಡಬೇಕಾಗಿದ್ದು: ಟೆಂಪರೇಚರ್ ಡಿಗ್ರಿ ಲೆಕ್ಕದಲ್ಲಿ ಇಡೋಕೆ ಬರಬೇಕು, ಬರೀ ಕೆಂಪು, ಹಸಿರು, ನೀಲಿ ಅಂತ ಮೂರು ಲೈಟ್ ಇದ್ರೆ ಏನು ನಡೀತಿದೆ ಅಂತಾನೇ ಗೊತ್ತಾಗಲ್ಲ. ಗಾಳಿ ಬರೋ ದಾರೀಲಿ ಗಾಜು, ಸೆರಾಮಿಕ್, ಸ್ಟೇನ್‌ಲೆಸ್ ಸ್ಟೀಲ್ ಇರಲಿ, ಸರ್ಕ್ಯೂಟ್ ಬೋರ್ಡ್ ಪಕ್ಕದಿಂದ ಗಾಳಿ ಎಳ್ಕೊಳ್ಳೋ ಡಿಸೈನ್ ಬೇಡ. ಬ್ಯಾಟರಿ ತೆಗೆದು ಹಾಕೋಕೆ ಬಂದ್ರೆ ಮಷೀನಿನ ಆಯಸ್ಸು ಜಾಸ್ತಿ, ಎಷ್ಟೋ ಮಾಡೆಲ್‌ಗಳಿಗೆ 18650 ಅನ್ನೋ ಸೆಲ್ಲೇ ಹೋಗುತ್ತೆ. ಆಫ್ ಇರೋವಾಗ್ಲೇ ಒಂದ್ಸಲ ಎಳೆದು ನೋಡಿ, ಖಾಲಿ ಮಷೀನಲ್ಲೇ ಕಷ್ಟ ಆದ್ರೆ ತುಂಬಿದ ಮೇಲೆ ಇನ್ನೂ ಕಷ್ಟ. ಆಮೇಲೆ ನನ್ನ ರೂಲು. ಬಿಚ್ಚಿ. ಸೊಪ್ಪು ತುಂಬೋ ಚೇಂಬರಿಂದ ಬಾಯಿವರೆಗೆ ಆವಿ ಹಾಯೋ ಪ್ರತಿ ಭಾಗಕ್ಕೂ ಕಿವಿ ಕ್ಲೀನ್ ಮಾಡೋ ಹತ್ತಿಕಡ್ಡಿ ಮುಟ್ಟುತ್ತಾ? ಸ್ಕ್ರೀನ್ (ಸೊಪ್ಪು ತಡೆಯೋ ಪುಟ್ಟ ಜಾಲರಿ), ರಬ್ಬರ್ ರಿಂಗು ಬಿಡಿಯಾಗಿ ಸಿಗ್ತವಾ? ಇಲ್ಲ ಅಂದ್ರೆ ವಾಪಸ್ ಇಟ್ಟುಬಿಡಿ.

ಮೊದಲ ದಿನ

ಖಾಲಿ ಮಷೀನನ್ನ ಫುಲ್ ಬಿಸಿಗೆ ಇಟ್ಟು ಎರಡು ಮೂರು ಸಲ ಓಡಿಸಿ, ಫ್ಯಾಕ್ಟರಿ ಎಣ್ಣೆ, ಧೂಳು ಇದ್ರೆ ಹೋಗ್ಲಿ. ಅದನ್ನ ಎಳೀಬೇಡಿ, ಕಿಟಕಿ ತೆಗೆದಿಡಿ.

ಹೂವನ್ನ ಗ್ರೈಂಡರ್‌ಗೆ ಹಾಕಿ, ಕಂಡಕ್ಷನ್ ಆದ್ರೆ ಸಣ್ಣಗೆ, ಕನ್ವೆಕ್ಷನ್ ಆದ್ರೆ ತರಿತರಿಯಾಗಿ, ಯಾವುದಕ್ಕೂ ಹಿಟ್ಟಿನ ಥರ ಮಾಡ್ಬೇಡಿ, ಸ್ಕ್ರೀನ್ ತೂರಿ ಬಾಯಿಗೇ ಬರುತ್ತೆ. ಬೂಷ್ಟು ಹಿಡಿದಿದ್ದು ಕಂಡ್ರೆ ಎಸೆದುಬಿಡಿ, ಈ ಬಿಸಿಗೆ ಬೂಷ್ಟು ಸಾಯುತ್ತೆ ಅಂತ ನಂಬ್ಕೊಂಡು ಕೂರ್ಬೇಡಿ. ಒದ್ದೆ ಸೊಪ್ಪಿಂದ ಮೊದಲು ನೀರಾವಿನೇ ಬರುತ್ತೆ, ತೀರಾ ಒಣಗಿದ್ರೆ ಗಂಟಲು ಕೆರೆಯುತ್ತೆ. ಚೇಂಬರ್‌ಗೆ 0.1ರಿಂದ 0.3 ಗ್ರಾಂ ಹಿಡಿಯುತ್ತೆ, ಕಂಡಕ್ಷನ್‌ನಲ್ಲಿ ಬೆರಳಲ್ಲಿ ಮೆತ್ತಗೆ ಒತ್ತಿ, ಕನ್ವೆಕ್ಷನ್‌ನಲ್ಲಿ ಸುಮ್ನೆ ತುಂಬಿಬಿಡಿ.

175ರಲ್ಲಿ ಶುರು ಮಾಡಿ. ಈ ಹಂತದಲ್ಲಿ ಆವಿ ಕಣ್ಣಿಗೆ ಅಷ್ಟಾಗಿ ಕಾಣಲ್ಲ ಆದ್ರೆ ರುಚಿ ಎಲ್ಲಾ ಇಲ್ಲೇ, ಯಾಕಂದ್ರೆ ಟರ್ಪೀನ್‌ಗಳು ಮೊದಲು ಹಾರ್ತವೆ, ಪೈನೀನ್ 155ರ ಹತ್ರ, ಲಿಮೋನೀನ್ 176ರ ಹತ್ರ ಕುದಿಯುತ್ತೆ. ರುಚಿ ಸಪ್ಪೆ ಆದಾಗ 190, ಕೊನೇಲಿ 205. ಅದಕ್ಕಿಂತ ಮೇಲೆ ಘಾಟು ಜಾಸ್ತಿ, ಬೆಂಜೀನ್ ಥರದ ಬೇಡದ್ದೂ ಸೇರ್ಕೊಳ್ಳೋಕೆ ಶುರು ಆಗುತ್ತೆ, 230 ಹತ್ರ ಹೋದ್ರೆ ಸುಟ್ಟೇ ಸುಡುತ್ತೆ, ಆಗ ನೀವು ದುಬಾರಿ ಚಿಲುಮೆ ಸೇದ್ತಿದೀರಿ ಅಷ್ಟೇ. ಹತ್ತು ಸೆಕೆಂಡು ನಿಧಾನಕ್ಕೆ ಎಳೀರಿ, ಎದೇಲಿ ಹಿಡ್ಕೊಂಡು ಕೂರೋದ್ರಿಂದ ಹೇಳಿಕೊಳ್ಳೋ ಲಾಭ ಏನಿಲ್ಲ. ಪಾಪ್‌ಕಾರ್ನ್ ಸೀದ ವಾಸನೆ ಬಂದ್ರೆ ಮುಗೀತು ಅಂತ. ತೆಗೆದು ನೋಡಿದಾಗ ಒಂದೇ ಸಮ ಕಂದು ಬಣ್ಣ ಇರಬೇಕು, ಕಪ್ಪು ಇದ್ರೆ ಎಲ್ಲೋ ಸುಟ್ಟಿದೆ. ಆ ಕಂದು ಪುಡೀಲಿ ಇನ್ನೂ ಟಿಎಚ್‌ಸಿ ಉಳಿದಿರುತ್ತೆ, ತಿಂದ್ರೂ ಏರುತ್ತೆ, ಹಾಗಾಗಿ ಮಕ್ಕಳು, ನಾಯಿ, ಬೆಕ್ಕಿಗೆ ಸಿಗೋ ಕಡೆ ಚೆಲ್ಲಬೇಡಿ.

ತೊಳೆಯೋದು

ಪ್ರತಿ ಸಲ ಮುಗಿದ ಮೇಲೆ ಮಷೀನ್ ಇನ್ನೂ ಬೆಚ್ಚಗಿರೋವಾಗ್ಲೇ ಚೇಂಬರ್ ಖಾಲಿ ಮಾಡಿ ಬ್ರಷ್ ಆಡಿಸಿ, ಇಪ್ಪತ್ತು ಸೆಕೆಂಡಿನ ಕೆಲಸ. ಇದೊಂದು ಮಾಡಿದ್ರೆ ದೊಡ್ಡ ಕ್ಲೀನಿಂಗ್ ಅಷ್ಟು ಬೇಗ ಬರಲ್ಲ. ತಣ್ಣಗಾದ್ಮೇಲೆ ಮಾಡ್ತೀನಿ ಅಂದ್ರೆ ಅಂಟು ಗಟ್ಟಿ ಆಗಿರುತ್ತೆ, ಕೆರೆದು ಕೆರೆದು ಸ್ಕ್ರೀನೇ ಡೊಂಕಾಗುತ್ತೆ.

ಎಂಟ್ಹತ್ತು ಸಲಕ್ಕೊಮ್ಮೆ ಪೂರ್ತಿ ಬಿಚ್ಚಿ. ಬೇಕಾಗಿದ್ದು 90 ಪರ್ಸೆಂಟ್‌ಗಿಂತ ಮೇಲಿನ ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿಕಡ್ಡಿ, ಮುಚ್ಚಳ ಇರೋ ಗಾಜಿನ ಡಬ್ಬಿ. ಆಲ್ಕೋಹಾಲ್ ಬೆಂಕಿ ಹತ್ತೋ ವಸ್ತು, ಅದರ ಆವಿಗೂ ಹತ್ತುತ್ತೆ, ಟಾರ್ಚ್ ಲೈಟರ್ ಆ ರೂಮಲ್ಲೇ ಬೇಡ. ಗಾಜು, ಸ್ಟೀಲು, ಸ್ಕ್ರೀನು ಇವನ್ನ ಡಬ್ಬೀಲಿ ಅರ್ಧ ಗಂಟೆ ಮುಳುಗಿಸಿಡಿ, ತಿಳಿಯಾಗಿದ್ದ ದ್ರವ ನೋಡ್ತಾ ನೋಡ್ತಾ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತೆ, ಅದು ನಿಮ್ಮ ಬಾಯಿ ಹತ್ರ ಕೂತಿದ್ದ ಅಂಟು. ಆಮೇಲೆ ಬಿಸಿನೀರಲ್ಲಿ ತೊಳೆದು ಗಾಳೀಲಿ ಒಣಗಿಸಿ. ಚೇಂಬರ್ ಒಳಗೆ ಮಾತ್ರ ಸುರೀಬೇಡಿ, ಕೆಳಗಡೆ ಹೀಟರ್, ವೈರ್ ಎಲ್ಲಾ ಇರುತ್ತೆ. ಹತ್ತಿಕಡ್ಡಿ ಅದ್ದಿ, ಹಿಂಡಿ, ಸುತ್ತ ಒರೆಸಿ, ಪೂರ್ತಿ ಆರಿದ ಮೇಲೆ ಒಂದ್ಸಲ ಖಾಲಿ ಓಡಿಸಿ.

ರಬ್ಬರ್ ರಿಂಗು, ಪ್ಲಾಸ್ಟಿಕ್ ಭಾಗಗಳನ್ನ ಆಲ್ಕೋಹಾಲ್‌ನಲ್ಲಿ ನೆನೆಸಬಾರದು. ನಾನು ಒಂದ್ಸಲ ಎಲ್ಲಾನೂ ಒಟ್ಟಿಗೆ ಡಬ್ಬೀಲಿ ಹಾಕಿ ಮಲಗಿಬಿಟ್ಟೆ, ಬೆಳಿಗ್ಗೆ ನೋಡಿದ್ರೆ ರಿಂಗು ಊದಿಕೊಂಡು ಅದರ ಜಾಗದಲ್ಲೇ ಕೂರ್ತಿಲ್ಲ, ಪಾರದರ್ಶಕ ಮೌತ್‌ಪೀಸ್ ತುಂಬಾ ಬಿರುಕು. ಇವಕ್ಕೆ ಉಗುರುಬೆಚ್ಚಗಿನ ಸೋಪುನೀರು ಸಾಕು.

ಬ್ಯಾಟರಿ ವಿಷಯ ಬೇಗ ಹೇಳ್ತೀನಿ: ಬಿಸಿಲಿಗೆ ನಿಲ್ಸಿರೋ ಕಾರಲ್ಲಿ ಬಿಡಬೇಡಿ, ತಿಂಗಳುಗಟ್ಲೆ ಇಡೋದಾದ್ರೆ ಅರ್ಧ ಚಾರ್ಜಲ್ಲಿಡಿ, ಮೇಲಿನ ಸುತ್ತು ಹರಿದಿರೋ ಸೆಲ್ ಹಾಕಬೇಡಿ, ಬಿಡಿ ಸೆಲ್ಲನ್ನ ಬೀಗದಕೈ ಜೊತೆ ಜೇಬಿಗೆ ಹಾಕಬೇಡಿ.

ಆವಿ ಕಮ್ಮಿ ಬರ್ತಿದೆ ಅಂದ ತಕ್ಷಣ ಎಲ್ರ ಬೆರಳೂ ಟೆಂಪರೇಚರ್ ಏರಿಸೋ ಬಟನ್‌ಗೆ ಹೋಗುತ್ತೆ. ಅದನ್ನ ಮುಟ್ಟೋ ಮುಂಚೆ ಸ್ಕ್ರೀನ್ ತೆಗೆದು ಬೆಳಕಿಗೆ ಹಿಡೀರಿ. ಹತ್ತರಲ್ಲಿ ಒಂಬತ್ತು ಸಲ ತೂತುಗಳ ಮೇಲೆ ಜೇನಿನ ಬಣ್ಣದ ಪೊರೆ ಕಟ್ಟಿರುತ್ತೆ, ಬೆಳಕು ಅಲ್ಲೊಂದು ಇಲ್ಲೊಂದು ಚುಕ್ಕಿಯಾಗಿ ಮಾತ್ರ ಈಚೆ ಬರ್ತಿರುತ್ತೆ. ಡಬ್ಬಿಗೆ ಹಾಕಿ.